ದೊಡ್ಡಪ್ಪನ ಮೂರನೇ ಕ್ಯಾಸೆಟ್

ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಜಾರ್ಜ್ ಹ್ಯಾರಿಸನ್ ಮನೆಯವರ ಮೇಲೆ ನನಗೆ ಹತ್ತು ವರ್ಷ ಸಿಟ್ಟಿತ್ತು. ಅವರಿಗೆ ಇದು ಗೊತ್ತಿಲ್ಲ. ತುಮಕೂರಿನ ಗುಬ್ಬಿ ಗೇಟ್ ಹತ್ತಿರದ ಒಂದು ಸಂದಿಯಲ್ಲಿ ಕೂತು ಯಾರೋ ಒಬ್ಬ ಮುನಿಸಿಕೊಂಡರೆ ಇಂಗ್ಲೆಂಡಿನವರಿಗೇನು ನಷ್ಟ, ಅಲ್ವಾ. ಆದರೂ ಇತ್ತು. ಹಳೇ ಆಲ್ಬಂ ಒಂದನ್ನು ಅವರು ಹೊಸದಾಗಿ ತಂದರು, ನಾನು ಕೇಳಬೇಕು ಅಂತ ಕಾದಿದ್ದು ಅದರಲ್ಲಿ ಇರಲಿಲ್ಲ, ಅಷ್ಟೇ ಕಾರಣ. ಹೋದ ವರ್ಷ ಆ ಸಿಟ್ಟು ಇಳಿಯಿತು. ಇಳಿಸಿದ್ದು ನಮ್ಮ ದೊಡ್ಡಪ್ಪ, ಅದೂ ಅವರು ತೀರಿಕೊಂಡ ಮೇಲೆ.

ಆಲ್ಬಂ ಹೆಸರು 'ವಂಡರ್‌ವಾಲ್ ಮ್ಯೂಸಿಕ್'. 1968ರ ನವೆಂಬರ್ 1ರಂದು ಇಂಗ್ಲೆಂಡಿನಲ್ಲಿ ಬಂತು. ಬೀಟಲ್ಸ್ ನಾಲ್ವರೂ ಇನ್ನೂ ಒಟ್ಟಿಗೆ ಇದ್ದಾಗಲೇ, ಅವರಲ್ಲೊಬ್ಬ ತನ್ನೊಬ್ಬನ ಹೆಸರಲ್ಲಿ ತಂದ ಮೊದಲ ಆಲ್ಬಂ ಇದು. ಜೋ ಮಾಸೊಟ್ ಅನ್ನುವ ನಿರ್ದೇಶಕರ ಸಿನಿಮಾಕ್ಕೆ ಮಾಡಿದ ಸಂಗೀತ. ಜಾರ್ಜ್ ಸ್ಟಾಪ್‌ವಾಚ್ ಹಿಡಿದು ಸಿನಿಮಾ ನೋಡಿ, ಈ ದೃಶ್ಯಕ್ಕೆ ಇಷ್ಟು ಸೆಕೆಂಡು ಅಂತ ಲೆಕ್ಕ ಬರೆದುಕೊಂಡು ಮಾಡಿದ್ದು. ಒಟ್ಟು 19 ತುಣುಕು. ಕೆಲವು ಲಂಡನ್ನಿನಲ್ಲಿ ಆದವು, ಕೆಲವು ಬಾಂಬೆಯಲ್ಲಿ. ಬಜೆಟ್ಟು 600 ಪೌಂಡ್ ಅಂತ ಇತ್ತು, ಖರ್ಚು ಸುಮಾರು 15,000 ಪೌಂಡಿಗೆ ಹೋಯಿತು, ಮಿಕ್ಕಿದ್ದನ್ನು ಪುಣ್ಯಾತ್ಮ ತನ್ನ ಕೈಯಿಂದಲೇ ಹಾಕಿದ. ಇಷ್ಟೆಲ್ಲ ಮಾಡಿ ಅವನು ಅದರಲ್ಲಿ ಹಾಡುವುದಿಲ್ಲ!

ನನಗೆ ಇದು ಸಿಕ್ಕಿದ್ದು ಇಂಜಿನಿಯರಿಂಗ್ ಓದುವಾಗ. ಗೆಳೆಯನೊಬ್ಬ ಮೆಜೆಸ್ಟಿಕ್ ಫುಟ್‌ಪಾತಿನಿಂದ ಒಂದು ಎಂಪಿ3 ಸಿ.ಡಿ. ತಂದಿದ್ದ, ಇನ್ನೂರು ಚಿಲ್ಲರೆ ಬೀಟಲ್ಸ್ ಹಾಡು ಮೂವತ್ತು ರೂಪಾಯಿಗೆ. ಅದರ ಕೊನೆಯಲ್ಲಿ ಹೆಸರಿಲ್ಲದ ಒಂದಷ್ಟು ಫೈಲುಗಳಿದ್ದವು. ಒತ್ತಿದರೆ ಶಹನಾಯಿ. ಯಾರದೋ ಮದುವೆ ಕ್ಯಾಸೆಟ್ಟು ತಪ್ಪಿ ಸೇರಿಕೊಂಡಿದೆ ಅಂತ ಇಬ್ಬರೂ ನಕ್ಕಿದ್ದೆವು. ಆಮೇಲೆ ಸಂತೂರ್ ಬಂತು, ಅದರ ಹಿಂದೆ ಏನೋ ವಾಹನ ಹೋದ ಹಾಗೆ ಸದ್ದು. ನಾನು ಆ ಸಿ.ಡಿ. ವಾಪಸ್ ಕೊಡಲೇ ಇಲ್ಲ.

ಆ ವಾಹನದ ಸದ್ದಿಗೂ ಒಂದು ಕಥೆ ಇದೆ. 1968ರ ಜನವರಿ. ಬಾಂಬೆಯ ಕೋಟೆ ಭಾಗದಲ್ಲಿ, ಫಿರೋಜ್‌ಷಾ ಮೆಹ್ತಾ ರಸ್ತೆಯಲ್ಲಿ ರೆಕಾರ್ಡ್ ಕಂಪನಿ ಎಚ್‌ಎಂವಿಯವರ ಸ್ಟುಡಿಯೋ. ಆಗ ಅಲ್ಲಿ ಇದ್ದಿದ್ದು ಎಲ್ಲ ಸದ್ದನ್ನೂ ಒಂದೇ ಟ್ರ್ಯಾಕಿಗೆ, ಅಂದರೆ ಟೇಪಿನ ಒಂದೇ ಸಾಲಿಗೆ, ತುಂಬುವ ಮೊನೊ ಮೆಷಿನ್ನು ಮಾತ್ರ. ಇಲ್ಲಿನ ಕಂಪನಿ ನೋಡಿಕೊಳ್ಳುತ್ತಿದ್ದ ಭಾಸ್ಕರ್ ಮೆನನ್ ಕಲ್ಕತ್ತಾದಿಂದ ಎರಡು ಟ್ರ್ಯಾಕಿನ ಸ್ಟೀರಿಯೋ ಮೆಷಿನ್ನನ್ನು ರೈಲಿನಲ್ಲಿ ತರಿಸಿಕೊಟ್ಟರಂತೆ. ಸ್ಟುಡಿಯೋ ಇದ್ದಿದ್ದು ಆಫೀಸುಗಳ ಮೇಲೆ. ಹೊರಗಿನ ಸದ್ದು ತಡೆಯುವ ಏರ್ಪಾಡು ಇಲ್ಲ. ಕೆಳಗೆ ಟ್ಯಾಕ್ಸಿ ಹೋದರೆ ಮೇಲೆ ಟೇಪಿನಲ್ಲಿ ಟ್ಯಾಕ್ಸಿ. ಸಂಜೆ ಐದೂವರೆಗೆ ಆಫೀಸು ಬಿಟ್ಟು ಜನ ಧಡಧಡ ಮೆಟ್ಟಿಲಿಳಿಯುವಾಗ ನುಡಿಸುವುದನ್ನೇ ನಿಲ್ಲಿಸಬೇಕಾಗಿತ್ತು ಅಂತ ಜಾರ್ಜ್ ಆಮೇಲೆ ಹೇಳಿಕೊಂಡಿದ್ದಾನೆ. ದೂರಿನ ಹಾಗಲ್ಲ, ಖುಷಿಯಿಂದ.

ಸಂತೂರ್ ನುಡಿಸಿದ್ದು ಶಿವಕುಮಾರ್ ಶರ್ಮಾ, ಅದೇ ತಿಂಗಳು ಅವರಿಗೆ 30 ತುಂಬಿತ್ತು. ಸರೋದ್ ಆಶಿಶ್ ಖಾನ್ ಅವರದು, ಅಲಿ ಅಕ್ಬರ್ ಖಾನ್ ಮಗ. ತಾರ್ ಶಹನಾಯಿ, ಅಂದರೆ ಕಮಾನಿನಲ್ಲಿ ನುಡಿಸುವ ತಂತಿವಾದ್ಯ, ವಿನಾಯಕ ವೋರಾ, ಕೊಳಲು ಎಸ್.ಆರ್. ಕೆಂಕರೆ. ಬಾಂಬೆಯ ಆ ಕೋಣೆಯಲ್ಲಿ ನುಡಿಸಿದ್ದೆಲ್ಲ ಎರಡೇ ಟ್ರ್ಯಾಕಿಗೆ ಇಳಿಯುತ್ತಿತ್ತು. ಅಂದರೆ ಅಲ್ಲೇ ಮಿಕ್ಸು, ಅಲ್ಲೇ ಮುಗಿಯಿತು. ಸಂತೂರ್ ಜಾಸ್ತಿ ಆಯಿತು, ಟ್ಯಾಕ್ಸಿ ಕಮ್ಮಿ ಮಾಡೋಣ ಅಂತ ಆಮೇಲೆ ಕೂತು ಬೇರೆ ಮಾಡೋಕೆ ಆಗ ಬರುತ್ತಿರಲಿಲ್ಲ. ಚಿತ್ರಾನ್ನಕ್ಕೆ ಹುಳಿ ಕಲಸಿದ ಮೇಲೆ ಮುಗೀತು.

ಅದೇ ದಿನಗಳಲ್ಲಿ ಜಾರ್ಜ್ ಸಿನಿಮಾಕ್ಕೆ ಬೇಕಾದ್ದಷ್ಟೇ ಅಲ್ಲದೆ ಬೇರೆಯದನ್ನೂ ನುಡಿಸಿಕೊಂಡ. ಅದರಲ್ಲೊಂದಕ್ಕೆ ಲಂಡನ್ನಿಗೆ ಹೋಗಿ ತನ್ನ ದನಿ ಸೇರಿಸಿ 'ದಿ ಇನ್ನರ್ ಲೈಟ್' ಅಂತ ಮಾಡಿದ, ಅದು 1968ರ ಮಾರ್ಚಿನಲ್ಲಿ ಬೀಟಲ್ಸ್ ರೆಕಾರ್ಡೊಂದರ ಹಿಂಬದಿಯಲ್ಲಿ ಬಂತು. ಮಿಕ್ಕಿದ್ದು? ನನ್ನ ತಲೆಯಲ್ಲಿ ಕೊರೆಯೋಕೆ ಶುರುವಾಗಿದ್ದು ಇಲ್ಲಿಂದ.

1992ರಲ್ಲಿ ಈ ಆಲ್ಬಂ ಮೊದಲ ಸಲ ಸಿ.ಡಿ. ಆಗಿ ಬಂದಾಗ ಹಳೇ 19 ಬಿಟ್ಟು ಬೇರೇನೂ ಇರಲಿಲ್ಲ. 2014ರಲ್ಲಿ ಮತ್ತೆ ಬಂತು. ಈ ಸಲ ಹೊಸದಾಗಿ ಮೂರು. ಒಂದು, 'ದಿ ಇನ್ನರ್ ಲೈಟ್'ನ ದನಿಯಿಲ್ಲದ ಬೇರೊಂದು ಆವೃತ್ತಿ. ಇನ್ನೊಂದು 'ಆಲ್ಮೋಸ್ಟ್ ಶಂಕರ', ಅಲ್ಲಿವರೆಗೆ ಹೊರಗೆ ಬಂದೇ ಇರದ ರಾಗದ ತುಣುಕು. ಮೂರನೆಯದು ಲಿವರ್‌ಪೂಲಿನ ರೆಮೊ ಫೋರ್ ತಂಡದ ಹಾಡು. 1990ರ ದಶಕದಲ್ಲಿ ಆ ಸಿನಿಮಾವನ್ನು ಸರಿಮಾಡಲು ಕೂತಾಗ ಹಳೇ ಟೇಪುಗಳಲ್ಲಿ ಸಿಕ್ಕಿದ್ದು. ಅಷ್ಟೇ. ಅಮೆರಿಕದ ಮಂಕೀಸ್ ಬ್ಯಾಂಡಿನ ಪೀಟರ್ ಟಾರ್ಕ್ ಬ್ಯಾಂಜೊ ನುಡಿಸಿದ್ದು ಸಿನಿಮಾದಲ್ಲಿದೆ, ಆಲ್ಬಮಿನಲ್ಲಿ ಇಲ್ಲ. ಅದನ್ನೂ ಸೇರಿಸಲಿಲ್ಲ.

ಬೇರೆ ಆಲ್ಬಮಿಗೆ ಇವರು ಏನು ಮಾಡಿದರು ನೋಡಿ. 1970ರ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಜಾರ್ಜ್‌ನ ದೊಡ್ಡ ಹಿಟ್ಟು, ಮೂರು ರೆಕಾರ್ಡಿನದು. 2021ರಲ್ಲಿ ಅದಕ್ಕೆ 50 ವರ್ಷದ ಹೆಸರಲ್ಲಿ ಒಂದು ಪೆಟ್ಟಿಗೆ ಮಾಡಿದರು. 5 ಸಿ.ಡಿ., 70 ಹಾಡು, ಅದರಲ್ಲಿ 42 ಹಿಂದೆ ಎಂದೂ ಬಿಡುಗಡೆ ಆಗದೇ ಇದ್ದದ್ದು. ಅದರಲ್ಲೂ ಒಂದು ತಮಾಷೆ. 2001ರಲ್ಲಿ ಜಾರ್ಜ್ ಬದುಕಿದ್ದಾಗ, ತಾನೇ ಕೂತು ಆ ಆಲ್ಬಮನ್ನು ಮತ್ತೆ ತಂದಿದ್ದ. ಆಗ 'ಮೈ ಸ್ವೀಟ್ ಲಾರ್ಡ್' ಹಾಡನ್ನು ಹೊಸದಾಗಿ ಹಾಡಿ ಸೇರಿಸಿದ್ದ. ಅದೇ ವರ್ಷ ನವೆಂಬರ್ 29ಕ್ಕೆ ಹೋದ. 70 ಹಾಡಿನ ಪೆಟ್ಟಿಗೆಯಲ್ಲಿ ಆ ಹಾಡಿಗೆ ಜಾಗ ಇಲ್ಲ. ಅವನೇ ಸೇರಿಸಿದ್ದನ್ನು ಇವರು ಬಿಟ್ಟರು, ಅವನು ಬಿಟ್ಟಿದ್ದನ್ನು ಇವರು ಸೇರಿಸಿದರು.

ಹಿಟ್ಟಾಗಿದ್ದಕ್ಕೆ 42, ನಮ್ಮ ಶಹನಾಯಿಯವರಿಗೆ 3. ಇದು ನನ್ನ ಸಿಟ್ಟಿನ ಲೆಕ್ಕ. ಶಿವಕುಮಾರ್ ಶರ್ಮಾ 2022ರಲ್ಲಿ ಹೋದರು, ಆಶಿಶ್ ಖಾನ್ 2024ರಲ್ಲಿ. ಆಗ ಏನೇನು ನುಡಿಸಿದಿರಿ ಅಂತ ಕೇಳೋಣ ಅಂದರೆ ಅವರೂ ಇಲ್ಲ.

ಇನ್ನು ದೊಡ್ಡಪ್ಪ.

ನಮ್ಮ ದೊಡ್ಡಪ್ಪ ಹಾರ್ಮೋನಿಯಂ ಮೇಷ್ಟ್ರು. ತುಮಕೂರು ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರಿಗೆ: ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ಆಡಬೇಕು ಅಂದರೆ, ಪಾತ್ರಕ್ಕೆ ದುಡ್ಡು ಹಾಕಿದ ರೈತರಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರಿಗೆ ತಿಂಗಳುಗಟ್ಟಲೆ ಪದ್ಯ ಕಲಿಸಿ, ನಾಟಕದ ರಾತ್ರಿ ಬೆಳಗಿನವರೆಗೆ ಸ್ಟೇಜಿನ ಪಕ್ಕ ಕೂತು ಅವರನ್ನು ದಡ ಮುಟ್ಟಿಸುವವರು. ದುರ್ಯೋಧನ ಶ್ರುತಿ ಬಿಟ್ಟು ಎಲ್ಲಿಗೋ ಹೋದರೆ ಹಾರ್ಮೋನಿಯಂ ಓಡಿಹೋಗಿ ಅವನನ್ನು ಹಿಡಿದು ತರಬೇಕು. ಗುಬ್ಬಿ ವೀರಣ್ಣನವರ ನಾಟಕ ಕಂಪನಿ 1884ರಷ್ಟು ಹಿಂದೆ ಶುರುವಾಗಿದ್ದು ಇದೇ ಜಿಲ್ಲೆಯ ಗುಬ್ಬಿಯಲ್ಲಿ. ಕಂಪನಿಗಳ ಕಾಲ ಮುಗಿದ ಮೇಲೂ ಆ ಮಟ್ಟುಗಳು ಹಳ್ಳಿಗಳಲ್ಲಿ ಉಳಿದಿದ್ದು ಇಂಥ ಮೇಷ್ಟ್ರುಗಳ ಬೆರಳಲ್ಲಿ. ದೊಡ್ಡಪ್ಪನೂ ಹುಡುಗನಾಗಿದ್ದಾಗ ಒಂದು ಕಂಪನಿಯಲ್ಲಿ ಲೆಗ್ ಹಾರ್ಮೋನಿಯಂ ತುಳಿದವರು.

1991ರಲ್ಲಿ ಅವರು ಒಂದು ಸೋಲೋ ಕ್ಯಾಸೆಟ್ ಮಾಡಿದರು. ಹಾಡುವವರಿಲ್ಲ, ಬರೀ ಹಾರ್ಮೋನಿಯಂ, ಜೊತೆಗೆ ತಬಲಾ. ಆ ಕಡೆ ಐದು ರಂಗಗೀತೆ, ಈ ಕಡೆ ಐದು. ದುಡ್ಡು ಅವರದೇ, ಐನೂರು ಕ್ಯಾಸೆಟ್. ಇನ್ನೂರು ಖರ್ಚಾಯಿತು ಅನ್ನೋದು ಅವರ ಲೆಕ್ಕ, ಎಂಬತ್ತು ಅನ್ನೋದು ದೊಡ್ಡಮ್ಮನ ಲೆಕ್ಕ. ಉಳಿದಿದ್ದು ನಮ್ಮ ಅಟ್ಟದ ಮೇಲೆ ಬಹಳ ವರ್ಷ ಇತ್ತು. ಮನೆಯಲ್ಲಿ ಯಾರದಾದರೂ ಮದುವೆಯಾದರೆ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ ಜೊತೆ ಒಂದು ಕ್ಯಾಸೆಟ್ ಇಡುತ್ತಿದ್ದರು.

ದೊಡ್ಡಪ್ಪ ಹೋದ ಮೇಲೆ, ಇದನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕೋಣ ಅಂತ ನಾನೇ ಹೊರಟೆ. ನಮ್ಮಣ್ಣ, ಅಂದರೆ ದೊಡ್ಡಪ್ಪನ ಮಗ, ಒಂದು ಬಿಸ್ಕತ್ತಿನ ಡಬ್ಬ ತಂದುಕೊಟ್ಟ. ಒಳಗೆ ಮೂರು ಕ್ಯಾಸೆಟ್. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಸೋಲೋ. ಎರಡನೆಯದು ಸ್ಟುಡಿಯೋದವರು ಕೊಟ್ಟಿದ್ದು, ಬಳಸದೇ ಉಳಿದ ಟೇಕುಗಳು. ಮೂರನೆಯದರ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ, ಕೆಂಪು ಬಾಲ್ ಪೆನ್ನಿನಲ್ಲಿ, ಎರಡೇ ಪದ: 'ತಾಲೀಮು. ಬೇಡ.'

ಬೇಡ ಅಂದರೆ? ಇದು ಬೇಡವಾದ ಕ್ಯಾಸೆಟ್, ಇದರ ಮೇಲೆ ಬೇರೆ ಏನಾದರೂ ತುಂಬಿಕೊಳ್ಳಿ ಅಂತಲೋ, ಇದನ್ನು ಅಳಿಸಬೇಡ ಅಂತಲೋ? ಕ್ಯಾಸೆಟ್ ಕಾಲದವರಿಗೆ ನೆನಪಿರಬಹುದು, ಮೇಲಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಇರುತ್ತವೆ. ಅವನ್ನು ಮುರಿದರೆ ರೆಕಾರ್ಡ್ ಬಟನ್ ಒತ್ತೋಕೆ ಆಗಲ್ಲ. ದೊಡ್ಡಪ್ಪ ಎರಡನ್ನೂ ಮುರಿದಿದ್ದರು. ಬೇಡವಾದ ಕ್ಯಾಸೆಟ್ಟಿನ ಕಿವಿ ಯಾರಾದರೂ ಮುರಿಯುತ್ತಾರಾ?

ಇಳಿಸೋದು ಸುಮ್ನೆ ಆಗುವ ಕೆಲಸ ಅಲ್ಲ. ಹಳೇ ಕ್ಯಾಸೆಟ್ಟಿನಲ್ಲಿ ರೀಲನ್ನು ಹೆಡ್‌ಗೆ ಒತ್ತಿ ಹಿಡಿಯುವ ಸಣ್ಣ ಸ್ಪಂಜು ಉದುರಿರುತ್ತದೆ, ಬೇರೆ ಕ್ಯಾಸೆಟ್ಟಿನಿಂದ ಕಿತ್ತು ಹಾಕಬೇಕು. ಹೆಡ್ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಂಕಾದ ದನಿ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಆ ಕ್ಷಣದ ಖುಷಿಗೆ ನಾನು ಮೂರು ಭಾನುವಾರ ಕಳೆದೆ. ತಾಲೀಮಿನ ಕ್ಯಾಸೆಟ್ಟಿನಲ್ಲಿ ಇನ್ನೊಂದು ತೊಂದರೆ ಇತ್ತು. ಕೊನೆ ಕೊನೆಗೆ ಶ್ರುತಿ ಮೇಲಕ್ಕೆ ಹೋಗುತ್ತಿತ್ತು. ದೊಡ್ಡಪ್ಪ ಶ್ರುತಿ ಬಿಡೋದಾ, ಸಾಧ್ಯವೇ ಇಲ್ಲ. ಆಮೇಲೆ ಹೊಳೆಯಿತು, ರೆಕಾರ್ಡ್ ಮಾಡುವಾಗ ಸೆಲ್ಲು ವೀಕ್ ಆಗಿ ರೀಲು ನಿಧಾನ ಓಡಿದೆ, ಈಗ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲ ಬೇಗ ಬೇಗ, ಕೀಚಲು. ಹಾರ್ಮೋನಿಯಂ ಮನೆಗಳು, ಅಂದರೆ ಒತ್ತುವ ಪಟ್ಟಿಗಳು, ತಾವಾಗಿ ಶ್ರುತಿ ಬದಲಿಸೋದಿಲ್ಲ. ಅದೇ ಪೆಟ್ಟಿಗೆ ಇನ್ನೂ ಮನೆಯಲ್ಲಿದೆ. ಅದರ ನಾಲ್ಕನೇ ಬಿಳಿ ಮನೆ ಒತ್ತಿ ಹಿಡಿದು, ಕಂಪ್ಯೂಟರಿನಲ್ಲಿ ವೇಗ ಇಳಿಸುತ್ತಾ ಬಂದೆ. ಎರಡೂ ಒಂದಾದಾಗ ಮನುಷ್ಯರ ದನಿಯೂ ಮನುಷ್ಯರ ದನಿಯಾಯಿತು.

ಅದರಲ್ಲಿ ಏನಿದೆ ಅಂದರೆ, ನಮ್ಮ ಹಜಾರದಲ್ಲಿ ಒಬ್ಬರಿಗೆ ದುರ್ಯೋಧನನ ಪದ್ಯ ಕಲಿಸುತ್ತಿದ್ದಾರೆ. ಮೋಹನ ರಾಗ. ಮೋಹನಕ್ಕೆ ಐದೇ ಸ್ವರ, ಮಧ್ಯಮ ಇಲ್ಲ, ನಿಷಾದ ಇಲ್ಲ. ಆ ಮಹಾನುಭಾವರು ಪ್ರತಿ ಸಲ ಗಾಂಧಾರದಿಂದ ಪಂಚಮಕ್ಕೆ ಹತ್ತುವಾಗ ದಾರಿಯಲ್ಲಿ ಮಧ್ಯಮಕ್ಕೆ ಒಂದು ನಮಸ್ಕಾರ ಹಾಕಿಯೇ ಹೋಗುತ್ತಾರೆ. ದೊಡ್ಡಪ್ಪ ಮೊದಲು ನುಡಿಸಿ ತೋರಿಸುತ್ತಾರೆ. ಆಮೇಲೆ ಹಾಡಿ ತೋರಿಸುತ್ತಾರೆ, ಅವರ ಗಂಟಲು ಅಷ್ಟಕ್ಕಷ್ಟೇ. ಆಮೇಲೆ ಕೂಗಾಡುತ್ತಾರೆ. ನಡುವೆ ಬಿ.ಎಚ್. ರಸ್ತೆಯ ಲಾರಿ ಹಾರ್ನು. ಆಗ ಹೈವೇ ಲಾರಿಗಳೆಲ್ಲ ಊರೊಳಗೇ ಹೋಗುತ್ತಿದ್ದವು.

ಹನ್ನೊಂದನೇ ನಿಮಿಷಕ್ಕೆ ಅಡುಗೆಮನೆಯಿಂದ ಒಂದು ದನಿ. ದೊಡ್ಡಮ್ಮ. ಆ ಸಾಲನ್ನು ಮಧ್ಯಮ ಮುಟ್ಟದೆ, ಹಾಲು ಇಳಿಸುತ್ತಲೋ ಏನೋ, ಸರಾಗವಾಗಿ ಹಾಡಿ, 'ಹಿಂಗೆ ಹೇಳಪ್ಪ, ಎತ್ಲಾಗೂ ನೋಡ್ಬೇಡ, ಸೀದಾ ಹೋಗು' ಅಂತಾರೆ. ಒಂದು ಕ್ಷಣ ಹಾರ್ಮೋನಿಯಂ ನಿಲ್ಲುತ್ತದೆ. ಮತ್ತೆ ದೊಡ್ಡಮ್ಮನೇ: 'ರೀ, ಹಾಲಿನವನು ಬಂದಿದ್ದ, ಈ ತಿಂಗಳದ್ದೂ ಕೊಟ್ಟಿಲ್ವಂತೆ.' ಟೇಪು ಕಟ್.

ದೊಡ್ಡಮ್ಮ 1998ರಲ್ಲೇ ಹೋದರು. ಅವರು ಹಾಡುತ್ತಿದ್ದರು ಅನ್ನೋದೇ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರ ದನಿ ಬೇರೆಲ್ಲೂ ಇಲ್ಲ. ನಮ್ಮಣ್ಣ ಕೇಳಿ ಏನೂ ಮಾತಾಡದೆ ಎದ್ದು ಹೋಗಿ ಗಾಡಿ ಒರೆಸುತ್ತಾ ನಿಂತ.

ನಾನು ಯೂಟ್ಯೂಬಿಗೆ ಹಾಕಿದ್ದು ಏನು ಗೊತ್ತಾ? ಸೋಲೋದ ಹತ್ತು ಹಾಡು. ಎರಡನೇ ಕ್ಯಾಸೆಟ್ಟಿನಿಂದ ಎರಡು ಟೇಕು. ಅಷ್ಟೇ. ಮೂರನೆಯದು ಹಾಕಲಿಲ್ಲ.

ಕಾರಣ ಕೇಳಿದರೆ ನನ್ನ ಹತ್ತಿರ ನಾಲ್ಕೈದು ಇದ್ದವು. ದೊಡ್ಡಪ್ಪ ಕೂಗಾಡುವುದು ಜನ ಕೇಳಬಾರದು. ಅವರು ಹಾಡಿದ್ದು ಚೆನ್ನಾಗಿಲ್ಲ. ಪಾಪ ಆ ಶಿಷ್ಯರ ಮರ್ಯಾದೆ. ಹಾಲಿನವನ ಬಾಕಿ. ಎಲ್ಲಕ್ಕಿಂತ ಮೊದಲು, ದೊಡ್ಡಪ್ಪ ಬದುಕಿದ್ದಾಗ ಹೇಳುತ್ತಿದ್ದ ಮಾತು: 'ತಾಲೀಮು ಜನಕ್ಕೆ ತೋರ್ಸೋದಲ್ಲ ಕಣಪ್ಪ. ಬಣ್ಣ ಹಚ್ಚಿದ್ ಮೇಲೆ ನೋಡ್ಲಿ.' ಫೈಲುಗಳ ಮುಂದೆ ಕೂತು ಇದು ಇರಲಿ, ಇದು ಬೇಡ, ಇದು ಇರಲಿ, ಇದು ಬೇಡ ಅಂತ ಟಿಕ್ ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ನಗು ಬಂತು. ಹತ್ತು ವರ್ಷ ಬೈದಿದ್ದು ಇದೇ ಕೆಲಸ ಮಾಡಿದವರನ್ನು ಅಲ್ವಾ. ಅವರ ಮನೆಯಲ್ಲೂ ಒಂದು ಬಿಸ್ಕತ್ತಿನ ಡಬ್ಬ ಇರುತ್ತದೆ, ಸ್ವಲ್ಪ ದೊಡ್ಡದು.

ನಮ್ಮಣ್ಣನ ಮಗ, ಕಂಪ್ಯೂಟರ್ ಹುಡುಗ, ಒಂದು ದಾರಿ ಹೇಳಿದ. 'ಚಿಕ್ಕಪ್ಪ, ಈಗ ಸಾಫ್ಟ್‌ವೇರ್ ಇದೆ, ಲಾರಿ ಸದ್ದು ತೆಗೆದುಬಿಡುತ್ತೆ. ತಾತನ ಬೈಗುಳನೂ ತೆಗೀಬಹುದು.' ನನಗೂ ಆಸೆಯಾಯಿತು. 2023ರಲ್ಲಿ ಬೀಟಲ್ಸ್‌ದೇ ಒಂದು ಹಾಡು ಹೀಗೆ ಬಂತಲ್ಲ, 'ನೌ ಅಂಡ್ ದೆನ್'. ಜಾನ್ ಲೆನ್ನನ್ ಮನೆಯಲ್ಲಿ ಪಿಯಾನೊ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿಕೊಂಡಿದ್ದು. 1995ರಲ್ಲಿ ಉಳಿದ ಮೂವರು ಅದನ್ನು ಸರಿಮಾಡಲು ಕೂತು, ಕೈಬಿಟ್ಟಿದ್ದರು. ಅವರಲ್ಲಿ ಜಾರ್ಜ್‌ಗೆ ಅದು ಹಿಡಿಸಿರಲಿಲ್ಲ. ಕೊನೆಗೆ ಸಾಫ್ಟ್‌ವೇರು ಲೆನ್ನನ್ ದನಿಯನ್ನು ಪಿಯಾನೊದಿಂದ ಬಿಡಿಸಿಕೊಟ್ಟಿತು. ಬೇಡ ಅಂದವನು ಇರಲಿಲ್ಲ, ಅವನು ಆಗ ನುಡಿಸಿದ್ದ ಗಿಟಾರನ್ನೂ ಸೇರಿಸಿ ಹಾಡು ಹೊರಗೆ ಬಂತು. ಜಾರ್ಜ್ ಹೆಂಡತಿ ಮಗ ಒಪ್ಪಿದ್ದರು. ನಾನು ಅದನ್ನು ಕೇಳಿ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸರಿ ಅಂತ ಹುಡುಗ ರಾತ್ರಿಯೆಲ್ಲ ಓಡಿಸಿ ಬೆಳಿಗ್ಗೆ ತಂದ. ಲಾರಿ ಹೋಗಿತ್ತು. ಸ್ಸ್ ಅನ್ನೋ ಸದ್ದು ಹೋಗಿತ್ತು. ಹಾರ್ಮೋನಿಯಂ ಗಾಜು ತೊಳೆದ ಹಾಗೆ. ಹನ್ನೊಂದನೇ ನಿಮಿಷಕ್ಕೆ ಕಾದೆ. ಶಿಷ್ಯರು ತಪ್ಪು ಹಾಡಿದರು, ಹಾರ್ಮೋನಿಯಂ ನಿಂತಿತು, ಆಮೇಲೆ ಏನೂ ಇಲ್ಲ. ಖಾಲಿ. ಅಡುಗೆಮನೆಯಿಂದ, ದೂರದಿಂದ ಬಂದ ದನಿ ಅಲ್ವಾ, ಮೈಕಿಗೆ ಲಾರಿಯಷ್ಟೇ ದೂರ. ಸಾಫ್ಟ್‌ವೇರು ಅದನ್ನೂ ಗಲಾಟೆ ಅಂತಲೇ ಲೆಕ್ಕ ಹಾಕಿ ಗುಡಿಸಿಬಿಟ್ಟಿತ್ತು. ಹುಡುಗ ಮುಖ ಸಣ್ಣದು ಮಾಡಿಕೊಂಡು 'ಸೆಟ್ಟಿಂಗ್ ಸರಿ ಮಾಡ್ತೀನಿ ಚಿಕ್ಕಪ್ಪ' ಅಂದ. ಬೇಡ ಬಿಡಪ್ಪ ಅಂದೆ.

ಆಮೇಲೆ ಬಾಂಬೆಯ ಆ ಟೇಪು ಮತ್ತೆ ಹಾಕಿಕೊಂಡು ಕೇಳಿದೆ. ಟ್ಯಾಕ್ಸಿ ಇನ್ನೂ ಹಾಗೇ ಹೋಗುತ್ತಿದೆ. ಅದನ್ನು ಯಾರೂ ಗುಡಿಸದೇ ಇರಲಪ್ಪ ಅನಿಸಿತು.

ಕೊನೆಗೆ ಒಂದು ಕೆಲಸ ಮಾಡಿದೆ. ಯೂಟ್ಯೂಬಿನಲ್ಲಿ ಹಾಡುಗಳ ಕೆಳಗೆ ಬರೆದೆ: ಎರಡನೇ ಕ್ಯಾಸೆಟ್ಟಿನ ಇನ್ನೂ ಏಳು ಟೇಕು ಬಿಟ್ಟಿದ್ದೇವೆ, ಮನೆಯ ತಾಲೀಮಿನ ಒಂದು ಕ್ಯಾಸೆಟ್ ಇದೆ, ಅದನ್ನು ಹಾಕಿಲ್ಲ, ಬೇಕಾದವರು ಮನೆಗೆ ಬಂದು ಕೇಳಬಹುದು. ಬಿಡುವವರು ಬಿಡಲಿ, ಅದು ಅವರ ಮನೆಯ ವಿಷಯ. ಆದರೆ ಬಿಟ್ಟಿದ್ದು ಏನು ಅಂತ ಪಟ್ಟಿ ಕೊಟ್ಟರೆ ನಮ್ಮಂಥವರು ಹತ್ತು ವರ್ಷ ತಲೆ ಕೆರೆದುಕೊಳ್ಳೋದು ತಪ್ಪುತ್ತದೆ. ಜಾರ್ಜ್ ಮನೆಯವರಿಂದ ನಾನು ಈಗಲೂ ಕೇಳುವುದು ಅಷ್ಟನ್ನೇ.

ನಾಲ್ಕು ತಿಂಗಳ ಮೇಲೆ ಒಂದು ಫೋನು. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಿಂದ. 'ಸ್ವಾಮಿ, ಆ ತಾಲೀಮಿನ ಕ್ಯಾಸೆಟ್‌ನಲ್ಲಿ ದುರ್ಯೋಧನ ಇದಾನಾ? ಹಂಗಿದ್ರೆ ಅದು ನಾನೇ.' ಮಾರನೇ ಭಾನುವಾರ ಎರಡು ಎಳನೀರು ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ ಮನುಷ್ಯ, ತೆಂಗಿನ ತೋಟ, ಮಂಡಿ ನೋವು. ಅದೇ ಹಜಾರದಲ್ಲಿ ಕೂರಿಸಿ ಗುಡಿಸದೇ ಇರುವ ಕ್ಯಾಸೆಟ್ಟನ್ನೇ ಹಾಕಿದೆ. ಮೊದಲು ನಕ್ಕರು. ಆಮೇಲೆ ತಲೆ ಮೇಲೆ ಕೈ ಇಟ್ಟುಕೊಂಡರು. 'ಅಯ್ಯೋ, ಇದನ್ನ ಯಾರಿಗೂ ಕೇಳಿಸ್ಬೇಡಿ ಸ್ವಾಮಿ, ಮೊಮ್ಮಕ್ಳು ಮರ್ಯಾದೆ ತೆಗೀತವೆ.' ಹಾಕಲ್ಲ ಅಂತ ಮಾತು ಕೊಟ್ಟೆ. ಹನ್ನೊಂದನೇ ನಿಮಿಷ ಬಂತು. ಅವರು ಕಾಲು ಮಡಚಿ ನೆಟ್ಟಗೆ ಕೂತರು. 'ಅಮ್ಮಾವ್ರು,' ಅಂದರು, ಅಷ್ಟೇ.

'ಈ ಜಾಗ ಇನ್ನೊಂದ್ ಸಲ ಹಾಕಿ.'

ಹಿಂದಕ್ಕೆ ತಿರುಗಿಸಿ ಹಾಕಿದೆ. ಮೂರನೇ ಸಲಕ್ಕೆ ದೊಡ್ಡಮ್ಮನ ಹಿಂದೆಯೇ, ಕಣ್ಣು ಮುಚ್ಚಿ, ಅವರೂ ಆ ಸಾಲು ಹೇಳಿದರು. ಮಧ್ಯಮ ಬಂದೇ ಬಂತು.